ಪಾಡ್ದನಕ್ಕೆ ಛಂದಸ್ಸು ಇಲ್ಲ ಅಂದವರು ಯಾರು?

(ಪೆರಾಬೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತು)



ಇಲ್ಲಿ ಕನ್ನಡ ಐಚ್ಛಿಕ ಓದುವವರು ಇದ್ದೀರಿ. ಭಾಮಿನಿ ಷಟ್ಪದಿಯ ಲಕ್ಷಣ ಬಾಯಿಪಾಠ ಮಾಡಿರುತ್ತೀರಿ. ಆರು ಸಾಲು. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು, ಒಟ್ಟು 14 ಮಾತ್ರೆ. ಮೂರನೆಯದು, ಆರನೆಯದು ಅದರ ಒಂದೂವರೆ ಪಟ್ಟು, ಮೇಲೊಂದು ಗುರು. ಅಂದರೆ 23. ಎಲ್ಲ ಕೂಡಿಸಿದರೆ 102. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬಂದರೆ ಅದು ಪ್ರಾಸ. ಕುಮಾರವ್ಯಾಸ ಇದರಲ್ಲೇ ಭಾರತ ಹೇಳಿದ. ಕನಕದಾಸರು ಇದರಲ್ಲೇ ರಾಗಿಗೂ ಅಕ್ಕಿಗೂ ಜಗಳ ಹಚ್ಚಿ ರಾಗಿಯನ್ನು ಗೆಲ್ಲಿಸಿದರು. ದೊಡ್ಡ ಛಂದಸ್ಸು. ಅದರ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ಬರುವುದು ಅದೇ ಕೋಲು ಹಿಡಿದು ಕೋಟಿ-ಚೆನ್ನಯರ ಪಾಡ್ದನವನ್ನು ಅಳೆಯಲು ಹೊರಟಾಗ. ಪಡುಮಲೆ, ಪಂಜ, ಎಣ್ಮೂರು, ಆ ಕತೆಯ ಊರುಗಳೆಲ್ಲ ನಮ್ಮ ಸುತ್ತಲೇ ಉಂಟು. ದೇಯಿ ಬೈದೆತಿ ಬಲ್ಲಾಳನಿಗೆ ಮದ್ದು ಮಾಡಿದ್ದು, ಅವಳ ಅವಳಿ ಮಕ್ಕಳು ಬುದ್ಯಂತನ ಎದುರು ನಿಂತದ್ದು, ಊರು ಬಿಟ್ಟು ಹೋದದ್ದು ನಿಮಗೆ ಗೊತ್ತು. ಗಣ ಹಾಕಿ ನೋಡಿದರೆ ಒಂದು ಸಾಲು ಗಿಡ್ಡ, ಮುಂದಿನದು ಉದ್ದ. ಪ್ರಾಸ ಕಡ್ಡಾಯ ಇಲ್ಲ. ಹೇಳಿದ್ದನ್ನೇ ಹೇಳುತ್ತದೆ. ಕೂಡಲೇ ತೀರ್ಪು: "ಛಂದಸ್ಸಿಲ್ಲ, ಪುನರುಕ್ತಿ ದೋಷ."

ಅಳತೆ ಇಲ್ಲ ಅಂತಲ್ಲ. ಅದು ಕಾಗದದಲ್ಲಿ ಇಲ್ಲ, ಅಷ್ಟೆ. ನೇಜಿ ನೆಡುವಾಗ ಒಬ್ಬಳು ಹೇಳಿಕೊಡುತ್ತಾಳೆ, ಉಳಿದವರು ಎತ್ತಿಕೊಳ್ಳುತ್ತಾರೆ. ಸಾಲು ಒಂದು ಉಸಿರಿಗೆ ದಕ್ಕಬೇಕು. ಗಿಡ್ಡ ಸಾಲಾದರೆ ಸ್ವರ ಎಳೆಯುತ್ತಾರೆ, ಉದ್ದವಾದರೆ ಅಕ್ಷರಗಳನ್ನು ಒತ್ತಿ ತುಂಬುತ್ತಾರೆ. ಕೈ ಕೆಸರಿಗೆ ಇಳಿದು ಏಳುವ ಹೊತ್ತು, ಕಾಲು ಹಿಂದಕ್ಕೆ ಸರಿಯುವ ಹೊತ್ತು, ಅದೇ ಅವರ ಮಾತ್ರೆ. ದೈವ ಕಟ್ಟುವ ನಲಿಕೆ, ಪರವ, ಪಂಬದರ ಮನೆಯ ಹೆಂಗಸರು ತೆಂಬರೆ ಬಡಿಯುತ್ತಾ ಹಾಡುವಾಗ ಆ ಲೆಕ್ಕವನ್ನು ತೆಂಬರೆ ಹೊರುತ್ತದೆ. ಅಕ್ಷರ ಎಣಿಸಿದವನಿಗೆ ಸಿಗದ್ದು ಕಿವಿಗೆ ಸಿಗುತ್ತದೆ.

ಪ್ರಾಸದ ಮಾತು. ತುಳುವಿನಲ್ಲೂ ಕನ್ನಡದ ಹಾಗೆ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಒಬ್ಬನೇ ಎದ್ದ, ತೊಳೆದ, ಉಟ್ಟ, ಹೊರಟ ಅಂತ ಹೇಳಿದರೆ ಸಾಲಿನ ಕೊನೆಗಳು ತಾವಾಗಿಯೇ ಕೂಡುತ್ತವೆ. ಹುಡುಕಿ ಕಟ್ಟುವ ಕಷ್ಟ ಇಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸ ಬಿಟ್ಟರು ಅಂತ ಸಾಹಿತ್ಯ ಚರಿತ್ರೆ ಬರೆದುಕೊಂಡಿದೆ. ಅದು ಧೈರ್ಯದ ಕೆಲಸವೇ. ಆದರೆ ಆ ಬೇಡಿಯನ್ನು ತೊಡದೇ ಕಾವ್ಯ ಕಟ್ಟಿದ ಗದ್ದೆಯ ಹೆಂಗಸರಿಗೆ ಚರಿತ್ರೆಯಲ್ಲಿ ಒಂದು ಸಾಲೂ ಯಾಕಿಲ್ಲ?

ಇನ್ನು ಪುನರುಕ್ತಿ. ಇದರಲ್ಲಿ ಮೂರು ಬಗೆ ಕಾಣುತ್ತದೆ.

ಒಂದು, ಹಿಮ್ಮೇಳದ್ದು. ಉಳಿದವರು ಸಾಲನ್ನು ಎತ್ತಿ ಹೇಳುವಷ್ಟರಲ್ಲಿ ಮುಂದಿನವಳಿಗೆ ಮುಂದಿನ ಸಾಲು ಹೊಳೆಯುತ್ತದೆ. ಹೊಸಬಳು ಹಾಡುತ್ತಲೇ ಕಲಿಯುತ್ತಾಳೆ. ಅದೇ ಅವರ ಶಾಲೆ.

ಎರಡು, ಕಟ್ಟಿಟ್ಟ ತುಂಡುಗಳು. ಯಾರೇ ಪ್ರಯಾಣ ಹೊರಟರೂ ಮೀಯುವುದು, ಉಡುವುದು, ಅಂಗಳ ಇಳಿಯುವುದು ಅದೇ ಮಾತಿನಲ್ಲಿ ಬರುತ್ತದೆ. ಮಿಲ್ಮನ್ ಪ್ಯಾರಿ, ಆಲ್ಬರ್ಟ್ ಲಾರ್ಡ್ ಎಂಬ ಅಮೆರಿಕದ ವಿದ್ವಾಂಸರು 1930ರ ದಶಕದಲ್ಲಿ ಯುಗೋಸ್ಲಾವಿಯಾದ ಹಾಡುಗಾರರನ್ನು ಕೇಳಿ, ಹೋಮರನ ಕಾವ್ಯವೂ ಇಂಥ ತುಂಡುಗಳಿಂದಲೇ ಬೆಳೆದದ್ದು ಅಂದರು. ಹೋಮರ ಮಾಡಿದರೆ ಮಹಾಕಾವ್ಯ, ನಮ್ಮವರು ಮಾಡಿದರೆ ದೋಷವಾ?

ಮೂರು, ಮಾತು ಮುಟ್ಟಿಸುವುದು. ಒಬ್ಬ ಹೇಳಿ ಕಳಿಸಿದ್ದನ್ನು ಹೋದವನು ಪೂರ್ತಿ ಅದೇ ಮಾತಿನಲ್ಲಿ ಹೇಳುತ್ತಾನೆ. ಪ್ರಶ್ನೆಯ ಶಬ್ದಗಳೇ ಉತ್ತರದಲ್ಲೂ ಬರುತ್ತವೆ. ನನಗೆ ಇದೇ ದೊಡ್ಡದು ಅನಿಸುತ್ತದೆ. ಪಟ್ಟೆ, ಕಡತ, ಸಹಿ ಇಲ್ಲದ ಜನಕ್ಕೆ ಆಡಿದ ಮಾತೇ ದಾಖಲೆ. ಒಂದು ಶಬ್ದ ಬದಲಾದರೂ ನ್ಯಾಯ ಬದಲಾಗುತ್ತದೆ. ಒಡೆಯ ಹೇಳಿದ್ದನ್ನು ಅವನು ಮರೆಯಬಹುದು, ಪಾಡ್ದನ ಮರೆಯುವುದಿಲ್ಲ.

ಇದು ಎಷ್ಟು ಹೊರುತ್ತದೆ ನೋಡಿ. ಬೆಳ್ತಂಗಡಿ ಕಡೆಯ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹೇಳಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೋಂಕೊ ಮತ್ತು ಇಲ್ಲಿನ ವಿದ್ವಾಂಸರು ಸೇರಿ 1998ರಲ್ಲಿ ಅಚ್ಚು ಹಾಕಿದರು. 15,683 ಸಾಲು. ಇಲಿಯಡ್ 15,693. ಹತ್ತೇ ಸಾಲು ಕಡಿಮೆ! ಆ ಪುಸ್ತಕದ ಹೆಸರಿನಲ್ಲೇ ಗೋಪಾಲ ನಾಯ್ಕರ ಹೆಸರು ಉಂಟು. ನಿಮ್ಮ ಲೈಬ್ರರಿಯ ಬೇರೆ ಸಂಗ್ರಹಗಳನ್ನು ತೆಗೆದು, ಹಾಡಿದವಳ ಹೆಸರು ಎಲ್ಲಿದೆ ಅಂತ ಹುಡುಕಿ.

ಒಂದು ಕಹಿ ಮಾತು ಹೇಳಲೇಬೇಕು. ನೇಮದ ರಾತ್ರಿ ನಮ್ಮವರ ಬಾಯಲ್ಲಿ ದೈವ ಮಾತಾಡುತ್ತದೆ, ಒಡೆಯ ಕೈಮುಗಿಯುತ್ತಾನೆ. ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅಂಗಳದ ಹೊರಗೆ. ಇದೂ ಪುನರುಕ್ತಿಯೇ, ವರ್ಷ ವರ್ಷ ಬರುವಂಥದ್ದು. ಹಾಗಾಗಿ ಪಾಡ್ದನವನ್ನು ಬರೀ ಹೊಗಳಿ ಕೂತರೆ ಆಗುವುದಿಲ್ಲ. ಚಾಕರಿಯನ್ನು ಮುರಿಯಬೇಕು, ನೆನಪನ್ನು ಉಳಿಸಬೇಕು. ಎರಡನ್ನೂ ಒಂದೇ ಅಂತ ತಿಳಿದು ನಾಚಿಕೆಯಿಂದ ಅಜ್ಜಿಯ ಹಾಡನ್ನೇ ಬಿಟ್ಟರೆ ನಷ್ಟ ನಮಗೇ. ಸಿದ್ಧಲಿಂಗಯ್ಯ 1975ರಲ್ಲಿ 'ಹೊಲೆಮಾದಿಗರ ಹಾಡು' ತಂದಾಗ ಅದಕ್ಕೆ ಹಾಡು ಅಂತಲೇ ಹೆಸರಿಟ್ಟರು. ಅವರ ಪದ್ಯ ಮೆರವಣಿಗೆಯಲ್ಲಿ ನಡೆಯಿತು, ಯಾಕಂದರೆ ಜನ ಎತ್ತಿ ಹೇಳುವ ಹಾಗಿತ್ತು.

ನಮ್ಮ ಕಡೆ ಎಷ್ಟೋ ಗದ್ದೆಗಳು ಅಡಿಕೆ, ರಬ್ಬರು ತೋಟವಾದವು. ನೇಜಿ ಇಲ್ಲದಿದ್ದರೆ ನೇಜಿಯ ಹಾಡಿಗೆ ಜಾಗ ಇಲ್ಲ. ರಜೆಗೆ ಮನೆಗೆ ಹೋದಾಗ ಅಜ್ಜಿಯ ಹತ್ತಿರ, ದೊಡ್ಡಮ್ಮನ ಹತ್ತಿರ ಕೂತುಕೊಳ್ಳಿ. ಅವರು ಒಪ್ಪಿದರೆ ಮೊಬೈಲಿನಲ್ಲಿ ಹಿಡಿಯಿರಿ. "ಇದು ಮೊದಲೇ ಹೇಳಿಯಾಯ್ತಲ್ಲ" ಅಂತ ನಡುವೆ ಬಾಯಿ ಹಾಕಬೇಡಿ, ಬರೆಯುವಾಗ ಎರಡನೇ ಸಲ ಬಂದ ಸಾಲನ್ನು ಹೊಡೆದು ಹಾಕಬೇಡಿ. ಮೇಲೆ ಅವರ ಹೆಸರು ದೊಡ್ಡದಾಗಿ ಬರೆಯಿರಿ. ನಿಮ್ಮ ಹೆಸರು ಕೆಳಗೆ ಇದ್ದರೆ ಸಾಕು.