ಕೈಗೆ ಉಳಿದ ಕೆಲಸ: ಆರ್ಕ್ ವೆಲ್ಡಿಂಗಿನ ಕಥೆ



1955ರ ಅಕ್ಟೋಬರ್ 2ರಂದು ಪ್ರಧಾನಿ ನೆಹರೂ ಚೆನ್ನೈಯ ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯನ್ನು ಉದ್ಘಾಟಿಸಿದರು. ಸ್ವಿಸ್ ನೆರವಿನಿಂದ ಅಲ್ಲಿ ತಯಾರಾದ ರೈಲು ಬೋಗಿಗಳು ಪೂರ್ತಿ ಉಕ್ಕಿನವು. ತಳ, ಗೋಡೆ, ಚಾವಣಿ ಎಲ್ಲವನ್ನೂ ಬೆಸೆದು ಒಂದೇ ಒಡಲು ಮಾಡುತ್ತಿದ್ದರು. ಸಾವಿರಾರು ಪ್ರಯಾಣಿಕರ ಪ್ರಾಣವನ್ನು ನಂಬಿ ಒಪ್ಪಿಸುವಷ್ಟು ಈ ಬೆಸುಗೆ ಗಟ್ಟಿಯಾಗಲು ಅದಾಗಲೇ ಎಪ್ಪತ್ತು ವರ್ಷ ಹಿಡಿದಿತ್ತು.

ರಷ್ಯಾದ ಬೆನಾರ್ಡೋಸ್ 1880ರ ದಶಕದಲ್ಲಿ ಇಂಗಾಲದ ಕಡ್ಡಿಯಿಂದ ವಿದ್ಯುತ್ ಕಿಡಿ, ಅಂದರೆ ಆರ್ಕ್, ಹಚ್ಚಿ ಲೋಹ ಕರಗಿಸಿದರು. 1888ರಲ್ಲಿ ಅದೇ ದೇಶದ ಸ್ಲಾವ್ಯಾನೊವ್ ಇಂಗಾಲದ ಬದಲು ಲೋಹದ ಕಡ್ಡಿಯನ್ನೇ ಹಿಡಿದರು. ಕಿಡಿ ಕೊಡುವ ಕಡ್ಡಿಯೇ ಕರಗಿ ಸಂದು ತುಂಬಿತು. ಆದರೆ ಬರಿಯ ಕಬ್ಬಿಣದ ತಂತಿಯ ಬೆಸುಗೆಗೆ ಗಾಳಿ ಸೋಕಿದರೆ ಅದು ಪೆಡಸಾಗಿ ಒಡೆಯುತ್ತಿತ್ತು. ಸ್ವೀಡನ್ನಿನ ಆಸ್ಕರ್ ಶೆಲ್‌ಬರ್ಗ್ ತಂತಿಯನ್ನು ಖನಿಜಗಳ ಗಟ್ಟಿ ಗಂಜಿಯಲ್ಲಿ ಅದ್ದಿ ಒಣಗಿಸಿದರು. ಆ ಲೇಪ ಉರಿದು ಹೊಗೆಯ ಮರೆ ಕಟ್ಟಿತು, ಮೇಲೆ ಕಿಟ್ಟವಾಗಿ ಹೆಪ್ಪುಗಟ್ಟಿ ಬಿಸಿ ಲೋಹವನ್ನು ಕಾಯಿತು. 1904ರಲ್ಲಿ ಅವರು ಕಟ್ಟಿದ ಇಸಾಬ್ ಕಂಪನಿಯ ಭಾರತದ ಶಾಖೆ ಇಂದು ನಮ್ಮ ಚೆನ್ನೈಯ ಅಂಬತ್ತೂರಿನಲ್ಲಿದೆ.

ಆಮೇಲೆ ಬದಲಾದದ್ದು ಯಂತ್ರ. ಮೊದಲು ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯನ್ನು ಸರಿಸಲು ಇಬ್ಬರು ಬೇಕಿತ್ತು. ಈಗಿನ ಇನ್ವರ್ಟರ್ ವೆಲ್ಡಿಂಗ್ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಮಹಡಿ ಹತ್ತಬಹುದು, 230 ವೋಲ್ಟಿನ ಮನೆಯ ಕರೆಂಟಿಗೇ ಸಿಕ್ಕಿಸಬಹುದು. ಹೀಗೆ ಕಾರ್ಖಾನೆಯ ವಿದ್ಯೆ ಮನೆಯಂಗಳಕ್ಕೆ ಬಂತು.

ಗಮನಿಸಿ: ಕಷ್ಟವನ್ನೆಲ್ಲ ಒಂದೊಂದಾಗಿ ಲೇಪವಿರುವ ಕಡ್ಡಿ (ರಾಡು), ಯಂತ್ರಗಳು ಹೊತ್ತುಕೊಂಡವು. ಕೈಗೆ ಉಳಿದದ್ದು ಮೂರೇ ಕೆಲಸ: ರಾಡಿನ ತುದಿಗೂ ಲೋಹಕ್ಕೂ ನಡುವಿನ ಅಂತರ, ರಾಡಿನ ಓರೆ, ಸಾಗುವ ವೇಗ. ಮನೆಯಲ್ಲಿ ಕಲಿಯುವವರು ಪಳಗಬೇಕಾದದ್ದೂ ಇಷ್ಟರಲ್ಲೇ. 6 ಮಿಲಿಮೀಟರ್ ದಪ್ಪದ ಗುಜರಿ ಪಟ್ಟಿಯ ಮೇಲೆ 3.15 ಮಿಲಿಮೀಟರ್ ರಾಡನ್ನು ನೂರು ಆಂಪಿಯರ್ ಆಸುಪಾಸಿನಲ್ಲಿ ಹಚ್ಚಿ ನೋಡಿ. ಅಂತರ ರಾಡಿನ ದಪ್ಪದಷ್ಟೇ ಇದ್ದರೆ ಬಾಣಲೆಯಲ್ಲಿ ಬೋಂಡ ಬೇಯುವಂಥ ಒಂದೇ ಸಮನಾದ ಸದ್ದು ಬರುತ್ತದೆ. ಹೆಚ್ಚಾದರೆ ಸದ್ದು ಒಡೆಯುತ್ತದೆ, ಕಿಡಿ ಸಿಡಿಯುತ್ತದೆ. ಕಿಟ್ಟ ಕುಟ್ಟಿ ತೆಗೆದು ನೋಡಿದರೆ ಸಾಲು ನೇರವಿದೆಯೋ, ತೂತು ಬಿದ್ದಿದೆಯೋ ತಿಳಿಯುತ್ತದೆ. ಚೆನ್ನೈಯ ಕಡಲ ಗಾಳಿಯಲ್ಲಿ ರಾಡು ಬೇಗ ತೇವ ಹಿಡಿಯುತ್ತದೆ, ತೇವ ತೂತು ತರುತ್ತದೆ. ಡಬ್ಬಿ ಬಿಗಿ ಮುಚ್ಚಿಡಿ.

ಮುಖಕ್ಕೆ ಕಪ್ಪು ಗಾಜಿನ ಕವಚ, ಚರ್ಮದ ಕೈಗವಸು, ತುಂಬು ತೋಳಿನ ಹತ್ತಿಯ ಬಟ್ಟೆ ಬೇಕೇ ಬೇಕು. ಬೆವರಿದ ಮೈಯಲ್ಲಿ ರಾಡು ಕಚ್ಚಿಸುವ ಹೋಲ್ಡರ್ ಹಿಡಿಯಬೇಡಿ. ಸತುವಿನ ಲೇಪದ ತಗಡಿನ ಹೊಗೆ ಜ್ವರ ತರಿಸುತ್ತದೆ, ಅದನ್ನು ದೂರವಿಡಿ.

ಐಟಿಐಯಲ್ಲೂ ವೆಲ್ಡರ್ ತರಬೇತಿಗೆ ಒಂದು ವರ್ಷ ಬೇಕು. ಮನೆಯ ಗೇಟಿಗೆ ಕೈ ಹಾಕುವ ಮೊದಲು ಗುಜರಿಯ ಮೇಲೆ ನಾಲ್ಕು ಪ್ಯಾಕೆಟ್ ರಾಡು ಸುಟ್ಟರೆ ನಷ್ಟವೇನಿಲ್ಲ.