ಬಣ್ಣವೊಂದನ್ನೇ ನಂಬಬೇಡಿ
(ಹೊಸಕೋಟೆ ತಾಲ್ಲೂಕಿನ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಹೋದ ತಿಂಗಳು ಪಕ್ಕದ ಹಳ್ಳಿಯ ಚಾವಡಿಯಲ್ಲಿ ನಾನೊಂದು ಚಿತ್ರಪಟ ತೂಗುಹಾಕಿದೆ. ಕೀಟನಾಶಕದ ಡಬ್ಬಿಗಳ ಮೇಲಿನ ನಾಲ್ಕು ಬಣ್ಣಗಳನ್ನು ಬಳಿದು, "ಕೆಂಪು ಘೋರ ವಿಷ, ಹಸಿರು ಕಡಿಮೆ ವಿಷ" ಎಂದು ವಿವರಿಸಿದೆ. ಸಭೆ ಮುಗಿದ ಮೇಲೆ ಹಿರಿಯರೊಬ್ಬರು ಪಕ್ಕಕ್ಕೆ ಕರೆದು, "ಅಲ್ಲಪ್ಪ, ಮೊದಲನೇದೂ ಕೊನೇದೂ ನನ್ನ ಕಣ್ಣಿಗೆ ಒಂದೇ ತರ ಕಾಣ್ತವಲ್ಲ?" ಎಂದರು. 40 ವರ್ಷ ಟೊಮೇಟೊ ಬೆಳೆದವರು. ಹಣ್ಣನ್ನು ಬೆರಳಿನಿಂದ ಒತ್ತಿ ನೋಡಿಯೇ ಕೀಳುವರಂತೆ. ತಪ್ಪು ಅವರದಲ್ಲ, ನನ್ನ ಪಟದ್ದು.

ಇದಕ್ಕೆ ಬಣ್ಣಗುರುಡು ಎನ್ನುತ್ತಾರೆ. ಹೆಸರು ಹಾಗಿದ್ದರೂ ಇಂಥವರ ದೃಷ್ಟಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಕೆಂಪು ಹಸಿರಿನ ಭೇದ ಮಾತ್ರ ಸರಿಯಾಗಿ ತಿಳಿಯದು. ಹೆಚ್ಚಾಗಿ ಹುಟ್ಟಿನಿಂದಲೇ, ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವಂಥದು. ಹೆಂಗಸರಲ್ಲಿ ಅಪರೂಪ. ಅಂಟುರೋಗವಲ್ಲ; ನಾಚಿಕೆಯೂ ಬೇಡ. ಜಾನ್ ಡಾಲ್ಟನ್ ಎಂಬ ಇಂಗ್ಲೆಂಡಿನ ದೊಡ್ಡ ವಿಜ್ಞಾನಿ ತಮಗೇ ಈ ಕೊರತೆ ಇದೆಯೆಂದು 1794ರಲ್ಲಿ ವಿದ್ವಾಂಸರ ಸಭೆಯಲ್ಲಿ ತಿಳಿಸಿದರು.

ಈಗ ಮುಖ್ಯವಾದ ಮಾತು. 1971ರ ಕೀಟನಾಶಕ ನಿಯಮಗಳಂತೆ, ಡಬ್ಬಿಯ ಚೀಟಿಯಲ್ಲಿ ಮೂಲೆಯ ಮೇಲೆ ನಿಲ್ಲಿಸಿದ ಚೌಕವೊಂದು ಇರುತ್ತದೆ. ಕೆಳಗಿನ ಅರ್ಧದಲ್ಲಿ ಬಣ್ಣ. ಮೇಲಿನ ಅರ್ಧದಲ್ಲಿ ಎಚ್ಚರಿಕೆಯ ಗುರುತು. ನೀವು ಮೇಲಿನ ಅರ್ಧವನ್ನು ನೋಡಿ.

ತಲೆಬುರುಡೆ, ಮೂಳೆಗಳ ಚಿತ್ರದೊಡನೆ ‘ಪಾಯ್ಸನ್’ ಎಂದಿದ್ದರೆ ಕೆಂಪು. ಅತಿ ಘೋರ ವಿಷ.
ಬುರುಡೆಯಿಲ್ಲದೆ ‘ಪಾಯ್ಸನ್’ ಎಂದಿದ್ದರೆ ಹಳದಿ, ಅದೂ ಘೋರವೇ.
‘ಡೇಂಜರ್’ ಎಂದಿದ್ದರೆ ನೀಲಿ, ಮಧ್ಯಮ ವಿಷ.
‘ಕಾಷನ್’ ಎಂದಿದ್ದರೆ ಹಸಿರು, ಕಡಿಮೆ ವಿಷ. ಕಡಿಮೆಯಾದರೂ ವಿಷ ವಿಷವೇ.

ಓದು ಬಾರದವರು ಕೊಳ್ಳುವಾಗಲೇ ಅಂಗಡಿಯವರಿಂದ ಓದಿಸಿಕೊಳ್ಳಿ. ಔಷಧಿಯನ್ನು ಬೇರೆ ಬಾಟಲಿಗೆ ಸುರಿದಿಡಬೇಡಿ. ಚೀಟಿ ಹೋದರೆ ಗುರುತೂ ಹೋಯಿತು.

ನನ್ನ ಪಟವನ್ನೂ ತಿದ್ದಿದ್ದೇನೆ. ಪ್ರತಿ ಬಣ್ಣದ ಮೇಲೆ ಅದರ ಗುರುತನ್ನು ದಪ್ಪ ಕಪ್ಪು ಗೆರೆಯಲ್ಲಿ ಬರೆದು, ಪಕ್ಕದಲ್ಲಿ ಬಣ್ಣದ ಹೆಸರನ್ನೂ 1ರಿಂದ 4ರವರೆಗೆ ಅಂಕಿಯನ್ನೂ ಹಾಕಿದೆ. ಆ ಹಿರಿಯರು ದೂರದಿಂದಲೇ ನಾಲ್ಕನ್ನೂ ಸರಿಯಾಗಿ ಹೇಳಿದರು. ನಿಮ್ಮ ಸಂಘದಲ್ಲಿ, ಶಾಲೆಯಲ್ಲಿ ಪಟ ಬರೆಯುವವರಿಗೆ ಒಂದು ಸುಲಭ ಪರೀಕ್ಷೆ ಇದೆ: ಅದನ್ನು ಕಪ್ಪುಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿ. ಆಗಲೂ ಒಂದೊಂದೂ ಬೇರೆಯೆಂದು ತಿಳಿದರೆ ಪಟ ಸರಿ, ಇಲ್ಲದಿದ್ದರೆ ತಿದ್ದಿ.

ಈ ಸಂಜೆ ಮನೆಗೆ ಹೋದೊಡನೆ ನಿಮ್ಮಲ್ಲಿರುವ ಡಬ್ಬಿಯ ಮೇಲಿನ ಅರ್ಧ ಚೌಕವನ್ನು ಒಮ್ಮೆ ನೋಡಿರೆಂದು ಕೋರಿ, ನನ್ನ ಮಾತು ಮುಗಿಸುತ್ತೇನೆ.