ಕೈಗುಣವೋ, ಕಲಿತ ವಿದ್ಯೆಯೋ?

(ಶತಮಾನೋತ್ಸವದ ಅಂಗವಾಗಿ ನಡೆದ ಮಹಿಳಾ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಅಡುಗೆಮನೆಯಲ್ಲಿ ರುಚಿಯಾದುದೇನಾದರೂ ಸಿದ್ಧವಾದರೆ ನಾವು "ಅದು ಆಕೆಯ ಕೈಗುಣ" ಎಂದು ಹೇಳಿ ಸುಮ್ಮನಾಗುತ್ತೇವೆ. ಮಾತು ಮೆಚ್ಚುಗೆಯದೇ ಆದರೂ ಅದರಲ್ಲಿ ಒಂದು ಅನ್ಯಾಯವೂ ಅಡಗಿದೆ. ಆಕೆ ಕಲಿತದ್ದು, ಅಳೆದದ್ದು, ಹತ್ತು ಸಲ ಮಾಡಿ ತಿದ್ದಿಕೊಂಡದ್ದು ಯಾವುದೂ ಆ ಮಾತಿನಲ್ಲಿ ಕಾಣಿಸದು. ಇದಕ್ಕೆ ನಿದರ್ಶನವಾಗಿ, ಮಕ್ಕಳಿಗೆ ಪ್ರಿಯವಾದ ಚಾಕಲೇಟ್ ಚಿಪ್ ಕುಕಿಯ ಕಥೆಯನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ಈ ಬಿಸ್ಕತ್ತಿನ ತವರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಟ್‌ಮನ್ ಎಂಬ ಊರು. ಅಲ್ಲಿ ರೂತ್ ವೇಕ್‌ಫೀಲ್ಡ್ ಎಂಬವರು ತಮ್ಮ ಪತಿಯೊಡನೆ 1930ರಲ್ಲಿ 'ಟೋಲ್ ಹೌಸ್' ಎಂಬ ಭೋಜನಗೃಹವನ್ನು ಆರಂಭಿಸಿದರು. 1938ರಲ್ಲಿ ಅವರ ಪಾಕಪುಸ್ತಕದಲ್ಲಿ ಈ ಕುಕಿಯ ವಿಧಾನವು ಅಚ್ಚಾಯಿತು. ಮರುವರ್ಷ ನೆಸ್ಲೆ ಸಂಸ್ಥೆಯು ಅದನ್ನು ತನ್ನ ಚಾಕಲೇಟಿನ ಹೊದಿಕೆಯ ಮೇಲೆ ಮುದ್ರಿಸುವ ಹಕ್ಕನ್ನು ಪಡೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನೆಯವರು ದೂರದ ಸೈನಿಕರಿಗೆ ಈ ಕುಕಿಗಳನ್ನು ಕಟ್ಟಿ ಕಳುಹಿಸಿದರು. ಅದರಿಂದ ಇವು ಆ ದೇಶದಲ್ಲೆಲ್ಲ ಮನೆಮಾತಾದವು.

ಆದರೆ ಜನರ ಬಾಯಲ್ಲಿ ಉಳಿದ ಕಥೆಯೇ ಬೇರೆ. ಚಾಕಲೇಟು ಹಿಟ್ಟಿನಲ್ಲಿ ಕರಗಿ ಬೆರೆತೀತೆಂದು ಆಕೆ ಚೂರುಗಳನ್ನು ಹಾಕಿದರಂತೆ, ಅವು ಕರಗದೆ ಉಳಿದವಂತೆ, ಹೀಗೆ ಆಕಸ್ಮಿಕವಾಗಿ ಕುಕಿ ಹುಟ್ಟಿತಂತೆ! ಈ 'ಅಂತೆ'ಗಳನ್ನು ನಂಬುವುದು ಕಷ್ಟ. ಆಕೆ 1924ರಲ್ಲಿ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಗೃಹವಿಜ್ಞಾನದ ಶಿಕ್ಷಣವನ್ನು ಮುಗಿಸಿ, ಅದೇ ವಿಷಯವನ್ನು ಬೋಧಿಸಿದವರು. ಐಸ್‌ಕ್ರೀಮಿನ ಜೊತೆಗೆ ತಾವು ಬಡಿಸುತ್ತಿದ್ದ ತೆಳು ಬಿಸ್ಕತ್ತಿಗೆ ಬದಲಾಗಿ ಹೊಸದೊಂದನ್ನು ಕೊಡಲು ಬೇಕೆಂದೇ ಪ್ರಯತ್ನಿಸಿದುದಾಗಿ ಅವರೇ ಮುಂದೆ ತಿಳಿಸಿದರು. ಆದರೂ ಬಲ್ಲವಳ ಶ್ರಮಕ್ಕಿಂತ ಅದೃಷ್ಟದ ಕಥೆಯೇ ಲೋಕಕ್ಕೆ ಹಿತವಾಯಿತು.

ಈ ಕುಕಿಯನ್ನು ಒಮ್ಮೆ ಮಾಡಿ ನೋಡಿದರೆ ಅದರೊಳಗಿನ ವಿದ್ಯೆಯು ತಿಳಿಯುತ್ತದೆ. 1 ಬಟ್ಟಲು ಮೆತ್ತನೆಯ ಬೆಣ್ಣೆಗೆ ಮುಕ್ಕಾಲು ಬಟ್ಟಲು ಬಿಳಿ ಸಕ್ಕರೆ, ಅಷ್ಟೇ ಕಂದು ಸಕ್ಕರೆಯನ್ನು ಸೇರಿಸಿ ಚೆನ್ನಾಗಿ ನಾದಬೇಕು. ಆಗ ಬೆಣ್ಣೆಯೊಳಗೆ ಗಾಳಿಯು ಸೇರಿ ಹಗುರವಾಗುತ್ತದೆ. ಬಿಳಿ ಸಕ್ಕರೆಯು ಅಂಚನ್ನು ಗರಿಗರಿಯಾಗಿಸಿದರೆ, ಕಂದು ಸಕ್ಕರೆಯು ತೇವವನ್ನು ಹಿಡಿದಿಟ್ಟು ಒಡಲನ್ನು ಮೃದುವಾಗಿರಿಸುತ್ತದೆ. ನಮ್ಮ ಬೆಲ್ಲದಲ್ಲಿರುವಂತೆ ಅದರಲ್ಲೂ ಕಾಕಂಬಿಯ ಅಂಶವಿದೆ. ಅದರ ನಸು ಹುಳಿಯಿಂದಲೇ ಸೋಡಾ ಉಬ್ಬುತ್ತದೆ. ಬಳಿಕ 2 ಮೊಟ್ಟೆ, ತುಸು ವೆನಿಲಾ, 2¼ ಬಟ್ಟಲು ಮೈದಾ, 1 ಚಹದ ಚಮಚ ಅಡುಗೆ ಸೋಡಾ, ಅಷ್ಟೇ ಉಪ್ಪು, ಕೊನೆಗೆ 2 ಬಟ್ಟಲು ಚಾಕಲೇಟ್ ಚೂರುಗಳು. ನಮ್ಮ ಸೆಕೆಯಲ್ಲಿ ಹಿಟ್ಟನ್ನು ಒಂದು ಗಂಟೆಯಾದರೂ ಫ್ರಿಜ್ಜಿನಲ್ಲಿಡುವುದು ಲೇಸು. ಇಲ್ಲವಾದರೆ ಬೆಣ್ಣೆ ಬೇಗ ಕರಗಿ ಕುಕಿಯು ತಟ್ಟೆಯ ತುಂಬ ಹರಡಿಕೊಳ್ಳುತ್ತದೆ.

ಚಮಚದಿಂದ ಅಂತರವಿಟ್ಟು ಹಾಕಿ, 190 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 9ರಿಂದ 11 ನಿಮಿಷ ಬೇಯಿಸಬೇಕು. ಅಂಚು ಹೊಂಬಣ್ಣಕ್ಕೆ ತಿರುಗಿ, ನಡುವೆ ಇನ್ನೂ ಮೆತ್ತಗಿರುವಾಗಲೇ ಹೊರತೆಗೆಯಬೇಕು. ಬಿಸಿ ತಟ್ಟೆಯ ಮೇಲೆ ಉಳಿದ ಪಾಕವು ತಾನಾಗಿ ಪೂರ್ಣಗೊಳ್ಳುತ್ತದೆ. ಪೂರ್ತಿ ಗಟ್ಟಿಯಾಗಲೆಂದು ಒಲೆಯಲ್ಲೇ ಬಿಟ್ಟವರಿಗೆ ಕಲ್ಲಿನಂಥ ಬಿಸ್ಕತ್ತು ದೊರೆತೀತು!

ರೂತ್ ವೇಕ್‌ಫೀಲ್ಡ್ 1977ರಲ್ಲಿ ತೀರಿಕೊಂಡರು. 1984ರ ಕೊನೆಯ ದಿನ ಅವರ ಹಳೆಯ ಭೋಜನಗೃಹವು ಬೆಂಕಿಗೆ ಆಹುತಿಯಾಯಿತು. ಆದರೆ ಬರೆದಿಟ್ಟ ಅಳತೆಯು ಸುಡಲಿಲ್ಲ. 1997ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ಈ ಕುಕಿಯನ್ನು ತನ್ನ ಅಧಿಕೃತ ಕುಕಿಯೆಂದು ಸಾರಿತು.

ಸಹೋದರಿಯರೇ, ನಿಮ್ಮ ಮನೆಗಳಲ್ಲಿ ಅಜ್ಜಿಯರು ಕಣ್ಣಳತೆಯಲ್ಲೇ ಮಾಡುವ ತಿಂಡಿಗಳು ಎಷ್ಟಿಲ್ಲ! ಅವರು ನಮ್ಮೊಡನಿರುವಾಗಲೇ ಪಕ್ಕದಲ್ಲಿ ಕುಳಿತು, ಹಿಡಿಗೆ ಎಷ್ಟು, ಚಿಟಿಕೆಗೆ ಎಷ್ಟು ಎಂಬುದನ್ನು ಅಳೆದು ಬರೆದಿಡಿರಿ. ಬರೆದ ಹಾಳೆಯ ಮೇಲೆ ಅವರ ಹೆಸರನ್ನೂ ಕಾಣಿಸಿರಿ. ಮೊಮ್ಮಕ್ಕಳು ಅದನ್ನು ಓದಿದಾಗ, ಅಜ್ಜಿಯದು ಬರಿಯ ಕೈಗುಣವಲ್ಲ, ಕಲಿತ ವಿದ್ಯೆ ಎಂಬುದನ್ನು ಅರಿಯಲಿ. ಈ ಕೆಲಸಕ್ಕೆ ಗಂಡಸರೂ ನೆರವಾಗಲಿ. ತಿನ್ನುವುದರಲ್ಲಿ ಅವರು ಎಂದೂ ಹಿಂದೆ ಬಿದ್ದವರಲ್ಲ!